ವಾಸನೆ ಹೋದ ಮೇಲೆ

ಟಾಕಿಯ ತಳದ ರಾಡಿ ಪಂಪಿಗೆ ಬರುವುದಿಲ್ಲ. ಪಂಪು ನೀರನ್ನಷ್ಟೇ ಎಳೆಯುತ್ತದೆ. ಉಳಿದ ಕರಿ ರಾಡಿಯನ್ನು ಮನುಷ್ಯರೇ ಇಳಿದು, ಸಲಿಕೆಯಿಂದ ಬಕೆಟ್ಟಿಗೆ ತುಂಬಿ ಮೇಲೆ ಕಳಿಸಬೇಕು. ಕಾಲು ಮೊಳಕಾಲಿನ ತನಕ ಹುಗಿಯುತ್ತದೆ. ಕಣ್ಣು ಉರಿಯುತ್ತದೆ, ಬೆರಳ ಸಂದಿಯ ಚರ್ಮ ಸುಲಿಯುತ್ತದೆ. ಮೈಗೆ ಹತ್ತಿದ ನಾತ ಜಳಕ ಮಾಡಿದರೂ ಹೋಗುವುದಿಲ್ಲ. ಸಂಜೆ ಬಸ್ಸಿನಲ್ಲಿ ಕೂತರೆ ಪಕ್ಕದವರು ಎದ್ದು ನಿಂತುಕೊಳ್ಳುತ್ತಾರೆ.

ಹೊಳೆ ದಂಡೆಯ ಸಕ್ಕರೆ ಕಾರ್ಖಾನೆಗೆ ಹೊಂದಿಕೊಂಡು ಒಂದು ಸ್ಪಿರಿಟ್ ಘಟಕವಿತ್ತು. ಅಲ್ಲಿಯ ಗಬ್ಬು ನೀರಿನ ಟಾಕಿಗಳಿಗೆ ಇಳಿಯುವವನು ಜಾಫರಸಾಬ. ಇಳಿಯಬಹುದು ಎಂದು ಹೇಳುವವನು ಹಣಮಪ್ಪ. ಇಬ್ಬರೂ ಬೇವೂರಿನವರು, ಒಂದೇ ಬಸ್ಸಿಗೆ ಬರುವವರು, ಗುತ್ತಿಗೆದಾರ ಸಂಗಮೇಶನ ಕೂಲಿಗಳು.

ಹಣಮಪ್ಪನ ಕೊರಳಲ್ಲಿ ಫೋಟೋ ಹಚ್ಚಿದ ಕಾರ್ಡು. ಅದರ ಮೇಲೆ ‘ಅನಿಲ ಪರೀಕ್ಷಕ’ ಎಂದು ಬರೆದಿತ್ತು. ಕೈಯಲ್ಲಿ ಹಳದಿ ಬಣ್ಣದ ಸಣ್ಣ ಮೀಟರು, ವಿಷದ ಗ್ಯಾಸ್ ಇದ್ದರೆ ಕೂಗುವಂಥದ್ದು. ಟಾಕಿಯ ಮುಚ್ಚಳ ತೆಗೆದ ಮೇಲೆ ಅವನು ಅದರ ಬಾಯಿಯ ಹತ್ತಿರ ಮೀಟರು ಹಿಡಿಯುತ್ತಿದ್ದ. ಅದು ಕೂಗದಿದ್ದರೆ ಬಗ್ಗಿ ಮೂಗಿನಿಂದ ನೋಡುತ್ತಿದ್ದ. ಕೊಳೆತ ತತ್ತಿಯ ವಾಸನೆ ಬಂದರೆ ಎಲ್ಲರೂ ಕಾಯಬೇಕು. ವಾಸನೆ ಹೋದ ಮೇಲೆ ಅವನು ಕೈ ಎತ್ತುತ್ತಿದ್ದ. ಜಾಫರಸಾಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದ. ಹಿಂದೆ ಈ ಕೆಲಸ ಮಾಡುತ್ತಿದ್ದ ಮುದುಕ ಕಲಿಸಿಕೊಟ್ಟ ಪದ್ಧತಿ ಅದು. ಹಣಮಪ್ಪನ ಕೈಯಲ್ಲಿ ಮೀಟರು ಒಂದು ದಿನವೂ ಕೂಗಿರಲಿಲ್ಲ. ಆಳುಗಳೆಲ್ಲ ಅದನ್ನು ಅವನ ಕೈಗುಣ ಅನ್ನುತ್ತಿದ್ದರು. ಬೇರೆಯವನು ಮೀಟರು ಹಿಡಿದರೆ ಜಾಫರಸಾಬ ಇಳಿಯುತ್ತಲೇ ಇರಲಿಲ್ಲ.

ಕಾರ್ಡು ಒಂದು ವರ್ಷಕ್ಕಷ್ಟೇ ನಡೆಯುತ್ತದೆ. ವರ್ಷ ಮುಗಿಯುವುದರೊಳಗೆ ಮತ್ತೆ ತರಬೇತಿ ಆಗಬೇಕು, ಹೊಸ ವಿಷಯ ಕಲಿಯಬೇಕು, ಆಗಲೇ ಹೊಸ ಕಾರ್ಡು. ಕಾರ್ಖಾನೆಯ ನಿಯಮ ಹಾಗಿತ್ತು. ತರಬೇತಿಯ ಜವಾಬ್ದಾರಿ ಸಂಗಮೇಶನದು. ಅದರ ದುಡ್ಡು ಕಾರ್ಖಾನೆಯಿಂದ ಅವನಿಗೆ ಬರುತ್ತಿತ್ತು.

ಈ ವರ್ಷ ಎಲ್ಲರನ್ನೂ ಟೆಂಪೋದಲ್ಲಿ ಹುನಗುಂದಕ್ಕೆ ಕರೆದೊಯ್ದ. ಒಂದು ಕಲ್ಯಾಣ ಮಂಟಪದಲ್ಲಿ ಬ್ಯಾನರ್ ಕಟ್ಟಿತ್ತು. ಉಪ್ಪಿಟ್ಟು, ಶಿರಾ, ಚಹಾ ಆಯಿತು.

“ಮಾಸ್ತರು ಎಲ್ಲಿ ಅದಾರ್ರಿ?” ಹಣಮಪ್ಪ ಕೇಳಿದ.

“ಬರ್ತಾರ ತಡಿಯೋ. ಮೊದಲ ಹೊಟ್ಟಿ ತುಂಬಿಸ್ಕೊ,” ಅಂದ ಸಂಗಮೇಶ.

ಮಾಸ್ತರು ಬರಲಿಲ್ಲ. ಮಂಟಪದ ಮ್ಯಾನೇಜರನ ಕೋಟು ಟೆಂಪೋ ಡ್ರೈವರನ ಮೈಮೇಲೆ ಬಂತು. ಅವನು ಬ್ಯಾನರಿನ ಮುಂದೆ ಕೈ ಎತ್ತಿ ನಿಂತ. ಆಳುಗಳು ಕುರ್ಚಿಯಲ್ಲಿ ಕೂತರು. ಫೋಟೋ ಹೊಡೆದರು, ಹಾಜರಿ ಹಾಳೆಗೆ ಸಹಿ ಹಾಕಿಸಿಕೊಂಡರು.

“ಲೇ ಹಣಮ್ಯಾ, ನಮ್ಮ ಡ್ರೈವರ ಪ್ರೊಫೆಸರ್ ಆಗ್ಯಾನ ನೋಡಲೇ!” ಜಾಫರಸಾಬ ಹಲ್ಲು ಕಿಸಿದ.

ಮೂಲೆಯಲ್ಲಿ ರಬ್ಬರಿನ ಗೊಂಬೆಯೊಂದನ್ನು ಮಲಗಿಸಿದ್ದರು. ಉಸಿರು ನಿಂತವನನ್ನು ಬದುಕಿಸುವುದು ಹೇಗೆ ಎಂದು ಕಲಿಯುವ ಗೊಂಬೆ ಅದು. ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಿರಲಿಲ್ಲ. ಹಣಮಪ್ಪ ಅದರ ಎದೆಯ ಮೇಲೆ ಕೈ ಇಟ್ಟು ಕೂತ. ಇನ್ನೊಂದು ಫೋಟೋ ಆಯಿತು.

“ಇಷ್ಟ ಏನ್ರಿ?” ಅಂದ.

“ಮತ್ತೇನ್ ಬೇಕೋ ನಿನಗ? ಟಾಕಿ ಹಳೇದು, ಗ್ಯಾಸ್ ಹಳೇದು, ನಿನ್ನ ಮೂಗೂ ಹಳೇದು. ಹೊಸಾದು ಏನ್ ಕಲಸೂದೈತಿ?” ಸಂಗಮೇಶನ ಮಾತಿಗೆ ಎಲ್ಲರೂ ನಕ್ಕರು. ಹಣಮಪ್ಪನೂ ನಕ್ಕ. ಮಧ್ಯಾಹ್ನಕ್ಕೇ ಮನೆಗೆ ಬಿಟ್ಟರಲ್ಲ, ಯಾರಿಗೆ ಬೇಡ? ಮರುವಾರ ಹೊಸ ಕಾರ್ಡು ಎಲ್ಲರ ಕೊರಳಿಗೂ ಬಂತು.

ಆಮೇಲೆ ಬಿಲಾಲ ಊರಿಗೆ ಬಂದ. ಅವನು ಜಾಫರಸಾಬನ ಅಕ್ಕನ ಮಗ. ಕರಾವಳಿ ಕಡೆಯ ದೊಡ್ಡ ಕಾರ್ಖಾನೆಯೊಂದರಲ್ಲಿ ಅವನದೂ ಗ್ಯಾಸ್ ನೋಡುವ ಕೆಲಸವೇ. ಸಂಜೆ ಜಾಫರಸಾಬನ ಕಟ್ಟೆಯ ಮೇಲೆ ಮೂವರೂ ಚಹಾ ಕುಡಿಯುತ್ತಿದ್ದರು.

“ಕಾಕಾ, ಈ ಸಲ ಕ್ಲಾಸಿನ್ಯಾಗ ಏನೇನ್ ಹೇಳಿಕೊಟ್ರು ನಿಮಗ?” ಬಿಲಾಲ ಹಣಮಪ್ಪನನ್ನು ಕೇಳಿದ.

“ಶಿರಾ ಹೆಂಗ ತಿನ್ನೂದು ಅಂತ ಹೇಳಿಕೊಟ್ರು,” ಅಂದ ಜಾಫರಸಾಬ.

ಬಿಲಾಲ ನಕ್ಕ. “ಖರೇ ಹೇಳ್ರಿ ಕಾಕಾ. ಟಾಕಿ ಹೆಂಗ ನೋಡ್ತೀರಿ ನೀವು?”

ಹಣಮಪ್ಪ ಹೆಮ್ಮೆಯಿಂದಲೇ ಹೇಳಿದ. ಮೀಟರು ಹೇಳಿದ, ಮೂಗು ಹೇಳಿದ. “ವಾಸನಿ ಹೋತಂದ್ರ ಗ್ಯಾಸ್ ಹೋತು. ಕೈ ಎತ್ತತೇನಿ. ನಿಮ್ಮ ಮಾಮು ಇಳಿತಾನ.”

ಬಿಲಾಲನ ಮುಖದ ನಗೆ ಹೋಯಿತು. ಬಸಿಯನ್ನು ಕೆಳಗಿಟ್ಟ.

“ಕಾಕಾ, ವಾಸನಿ ಹೋತಂದ್ರ ಗ್ಯಾಸ್ ಹೋಗಿರತೈತಿ ಅಂತಲ್ಲ. ಆ ಗ್ಯಾಸ್ ಹೆಚ್ಚಾತಂದ್ರ ಮೊದಲ ಮೂಗು ಸಾಯತೈತಿ. ಆಮ್ಯಾಲೆ ಮನಷ್ಯಾ.”

ರಸ್ತೆಯಲ್ಲಿ ಆಡೊಂದು ಒದರುತ್ತ ಹೋಯಿತು.

“ನಮಗೂ ಗೊತ್ತಿದ್ದಿಲ್ಲ,” ಅಂದ ಬಿಲಾಲ. “ವರ್ಷಾ ವರ್ಷಾ ಕುಂದ್ರಿಸಿ ಬೈದು ಬೈದು ಕಲಸ್ತಾರ. ಮೀಟರ್ ಹಗ್ಗಾ ಕಟ್ಟಿ ತಳದ ತನಕ ಬಿಡಬೇಕು. ಈ ಗ್ಯಾಸ್ ಗಾಳಿಗಿಂತ ಭಾರ, ಕೆಳಗ ಕುಂತಿರತೈತಿ. ಮತ್ತ ಆ ಮೀಟರಿಗೆ ಬಾಟ್ಲ್ಯಾಗ ತುಂಬಿಟ್ಟ ಇದ ಗ್ಯಾಸ್ ಹಿಡದು ಅದು ಕೂಗತೈತೋ ಇಲ್ಲೋ ನೋಡಬೇಕು. ನಿಮ್ಮದು ಕೂಗತೈತೇನು?”

ಹಣಮಪ್ಪ ತಲೆ ಅಲ್ಲಾಡಿಸಿದ.

“ಇಲ್ಲಪಾ,” ಅಂದ. “ಒಂದ ದಿನಾನೂ ಕೂಗಿಲ್ಲ.”

ಅಲ್ಲಿಂದ ಎದ್ದು ಮನೆಯ ಹಾದಿ ಹಿಡಿದ. ಎಷ್ಟು ಸಲ ಕೈ ಎತ್ತಿದ್ದೇನೆ? ಎಷ್ಟು ಸಲ ಈ ಮನುಷ್ಯ ನಗುತ್ತಾ ಕತ್ತಲೆಗೆ ಇಳಿದಿದ್ದಾನೆ? ಬದುಕಿದ್ದು ಯಾರ ಪುಣ್ಯ? ಮನೆಗೆ ಬಂದು ಬೆಳ್ಳುಳ್ಳಿ ಮೂಸಿದ. ಸೀಮೆಎಣ್ಣೆ ಡಬ್ಬಿ ಮೂಸಿದ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ತುಳಸವ್ವ ತಿರುಗಿ ನೋಡಿದಳು.

“ಏನ್ ನಾಯಿಗತೆ ಮೂಸಾಕತ್ತೀರಿ? ಏನ್ ಕಳದೈತಿ?”

“ಏನಿಲ್ಲ,” ಅಂದ. ಅವಳಿಗೆ ಏನೆಂದು ಹೇಳುವುದು?

ಮರುದಿನ ಸಂಗಮೇಶನ ಮುಂದೆ ಹೋಗಿ ನಿಂತ. “ಅಣ್ಣಾರ, ಈ ಮೀಟರ್ ಒಮ್ಮೆ ತಪಾಸ್ ಮಾಡಸ್ರಿ. ನಮಗೂ ಖರೇ ಕ್ಲಾಸ್ ಒಂದು ಮಾಡಸ್ರಿ.”

“ಕಬ್ಬಿನ ಹಂಗಾಮು ಮುಗೀಲಿ ನೋಡೂಣು.”

“ಅಂಜಿಕಿ ಬರಾಕತ್ತೈತ್ರಿ.”

“ಕಾರ್ಡ್ ಕೊರಳಾಗ ಐತಿ, ಅಂಜಿಕಿ ಯಾಕೋ?” ಸಂಗಮೇಶ ಅವನ ಬೆನ್ನು ಚಪ್ಪರಿಸಿದ.

ಕಬ್ಬು ಬರುವ ದಿನ ಹತ್ತಿರವಾಗಿತ್ತು. ಹಿಂಭಾಗದ ದೊಡ್ಡ ಟಾಕಿ ತೊಳೆಯಬೇಕೆಂದು ಹೇಳಿಕಳಿಸಿದರು. ಅದು ಉಳಿದವುಗಳಿಗಿಂತ ಆಳ. ಮಳೆಗಾಲ ಪೂರ್ತಿ ಮುಚ್ಚಿಕೊಂಡೇ ಇತ್ತು. ಸುರಕ್ಷತೆ ನೋಡುವ ಅಧಿಕಾರಿ ಮಿಲಿಂದ ಸಾಹೇಬರು ಬಿಳಿ ಹೆಲ್ಮೆಟ್ಟು ಹಾಕಿಕೊಂಡು ದೂರದಲ್ಲಿ ನಿಂತಿದ್ದರು. ಕೆಟ್ಟ ಮನುಷ್ಯರಲ್ಲ. ಆಳುಗಳ ಜೊತೆ ಮೆತ್ತಗೆ ಮಾತಾಡುತ್ತಿದ್ದರು. ಆದರೆ ಟಾಕಿಯ ಹತ್ತಿರ ಬರುತ್ತಿರಲಿಲ್ಲ.

ಮುಚ್ಚಳದ ಬೋಲ್ಟು ಬಿಚ್ಚಿ ಎತ್ತಿದ ಕೂಡಲೇ ನಾತ ಎದ್ದು ಮುಖಕ್ಕೆ ಹೊಡೆಯಿತು. ಎಲ್ಲರೂ ಹಿಂದೆ ಸರಿದರು. ಹಣಮಪ್ಪ ಮಾತ್ರ ಸರಿಯುವಂತಿರಲಿಲ್ಲ. ಮೀಟರಿಗೆ ಹಗ್ಗ ಕಟ್ಟಿದ. ಗಂಟು ಎರಡು ಸಲ ಬಿಚ್ಚಿತು.

“ಇದೇನ ಹೊಸಾ ಆಟ?” ಅಂದ ಸಂಗಮೇಶ.

ಹಣಮಪ್ಪ ಮೀಟರನ್ನು ತಳದ ತನಕ ಬಿಟ್ಟ. ಅದು ಕೂಗಲಿಲ್ಲ. ಮೇಲೆ ಎಳೆದು ನೋಡಿದರೆ ಸೊನ್ನೆ. ಇಷ್ಟು ನಾತ ಹೊಡೆಯುವಾಗಲೂ ಸೊನ್ನೆ!

ಕಾದರು. ಬಿಸಿಲು ಏರಿತು. ಹಣಮಪ್ಪ ಬಾಯಿಯ ಹತ್ತಿರವೇ ಕುಕ್ಕರಗಾಲಲ್ಲಿ ಕೂತಿದ್ದ. ತಲೆ ಒಂದು ನಮೂನೆ ಭಾರವಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ನಾತ ಕಡಿಮೆಯಾಯಿತು. ಮತ್ತೆ ಸ್ವಲ್ಪ ಹೊತ್ತಿಗೆ ಇಲ್ಲವೇ ಇಲ್ಲ ಅನ್ನಿಸಿತು.

ಪಕ್ಕದಲ್ಲಿ ಕೂತಿದ್ದ ಜಾಫರಸಾಬನೂ ಮೂಗು ಅರಳಿಸಿ ನೋಡಿದ. “ಹೋತಲ್ಲೋ! ನನಗ ಏನೂ ಬರವಲ್ದು. ಎತ್ತ ಕೈ.”

“ತಡಿ.”

“ಏನ್ ತಡೀಲಿ? ಬಿಲ್ಯಾನ ಮಾತು ತಲ್ಯಾಗ ಹೊಕ್ಕೈತೇನು? ಅವರ ಗ್ಯಾಸ್ ಬ್ಯಾರೆ, ನಮ್ಮ ಗ್ಯಾಸ್ ಬ್ಯಾರೆ.”

“ಹೊತ್ತಾತು, ಎತ್ತೋ ಕೈ!” ಸಂಗಮೇಶ ಕೂಗಿದ.

ಕೈ ತಾನಾಗಿಯೇ ಎದ್ದಿತು. ವರ್ಷಗಟ್ಟಲೆ ಎತ್ತಿ ರೂಢಿಯಾದ ಕೈ. ಜಾಫರಸಾಬ ಹಗ್ಗ ಬಿಗಿದುಕೊಂಡು, ಬಿಸ್ಮಿಲ್ಲಾ ಅಂದು, ಏಣಿಯ ಮೊದಲ ಮೆಟ್ಟಿಲಿಗೆ ಕಾಲು ಇಟ್ಟ.

ಅದೇ ಹೊತ್ತಿಗೆ ಕ್ಯಾಂಟೀನಿನ ಗುರುಲಿಂಗವ್ವ ಚಹಾದ ಕೆಟಲಿ ಹಿಡಿದುಕೊಂಡು ಮೂಲೆ ತಿರುಗಿದಳು. ಅಲ್ಲಿಯೇ ನಿಂತುಬಿಟ್ಟಳು. ಸೆರಗನ್ನು ಮೂಗಿಗೆ ಒತ್ತಿಕೊಂಡು ಕೆಮ್ಮಿದಳು.

“ಅಯ್ಯ ನನ ಶಿವನ, ಏನ್ ನಾತರೀ ಇದು! ಕರಳು ಕಿತ್ತು ಬರ್ತಾವಲ್ಲ! ಹೆಂಗ ಕುಂತೀರಿ ಅಲ್ಲಿ?”

ಹಣಮಪ್ಪ ತಿರುಗಿ ಅವಳನ್ನು ನೋಡಿದ. ಆಕೆ ಅಷ್ಟು ದೂರ ನಿಂತಿದ್ದಾಳೆ. ತಾನು ಬಾಯಿಯ ಹತ್ತಿರ ಕೂತಿದ್ದೇನೆ. ತನಗೆ ಏನೂ ಬರುತ್ತಿಲ್ಲ.

“ಜಾಫ್ರಣ್ಣ! ಮ್ಯಾಲೆ ಬಾ!”

ಜಾಫರಸಾಬ ಎದೆಯ ತನಕ ಟಾಕಿಯೊಳಗೆ ಹೋಗಿದ್ದ. ಹಣಮಪ್ಪ ಹಗ್ಗಕ್ಕೆ ಜೋತುಬಿದ್ದ. ಹಣಮೇಶ ಅನ್ನುವ ಆಳು ಓಡಿಬಂದು ಜೊತೆಗೆ ಎಳೆದ. ಇಬ್ಬರೂ ಸೇರಿ ಅವನನ್ನು ನೆಲಕ್ಕೆ ಎಳೆದುಕೊಂಡು, ಟಾಕಿಯಿಂದ ದೂರ, ಗುರುಲಿಂಗವ್ವನ ಹತ್ತಿರ ತಂದು ಕೂರಿಸಿದರು. ಜಾಫರಸಾಬ ಸಿಟ್ಟಿನಿಂದ ಬೈಯಲು ಬಾಯಿ ತೆರೆದ. ಮಾತಿನ ಬದಲು ವಾಂತಿ ಬಂತು.

ಗುರುಲಿಂಗವ್ವ ಬಾಯಿ ತೊಳೆಸಿ ಚಹಾ ಕೊಟ್ಟಳು. ಅದಕ್ಕೆ ಶುಂಠಿ ಜಜ್ಜಿ ಹಾಕಿದ್ದಳು. ಜಾಫರಸಾಬ ಲೋಟವನ್ನು ಮೂಗಿನ ಹತ್ತಿರ ಹಿಡಿದ. ಮತ್ತೆ ಹಿಡಿದ. ಅವನ ಕಣ್ಣು ದೊಡ್ಡವಾದವು.

“ಹಣಮ್ಯಾ,” ಅಂದ ಸಣ್ಣ ದನಿಯಲ್ಲಿ. “ಶುಂಠಿ ವಾಸನಿ ಬರವಲ್ದಲ್ಲೋ.”

ಹಣಮಪ್ಪನೂ ಲೋಟ ಮೂಸಿದ. ಅವನಿಗೂ ಬರಲಿಲ್ಲ.

ಸಂಗಮೇಶ ಬಂದ. “ಏನ್ ನಾಟಕ ಇದು? ಕೈ ಎತ್ತಿದಾವ ನೀನ, ಎಳದಾವ ನೀನ. ಗ್ಯಾಸ್ ಐತೋ ಇಲ್ಲೋ? ಒಂದ ಮಾತು ಹೇಳು.”

“ನನಗ ಗೊತ್ತಿಲ್ರಿ.”

“ಗೊತ್ತಿಲ್ಲ ಅಂದ್ರ? ಕಾರ್ಡ್ ಏನ್ ಹೇಳತೈತಿ? ಟ್ರೇನಿಂಗ್ ಆದಾವ ನೀ! ಫೋಟೋ ಐತಿ, ಸಹಿ ಐತಿ. ನಾಳೆ ಏನರ ಆತಂದ್ರ ಪೊಲೀಸರು ಕೇಳೂದು ನಿನ್ನ. ನನ್ನನ್ನಲ್ಲ, ಸಾಹೇಬರನ್ನಲ್ಲ. ತಿಳಕೊ.”

ಹೆದರಿಸಲು ಆಡಿದ ಮಾತು ಅದು. ಆದರೆ ಅಲ್ಲಿದ್ದವರೆಲ್ಲ ಅದನ್ನು ಕೇಳಿದರು. ಆ ದಿನ ಹುನಗುಂದದಲ್ಲಿ ತಮ್ಮನ್ನು ಕುರ್ಚಿಯ ಮೇಲೆ ಕೂರಿಸಿದ್ದು ಯಾಕೆ ಎಂದು ಈಗ ತಿಳಿಯಿತು. ಸತ್ತರೆ ಜಾಫರಸಾಬ ಸಾಯಬೇಕು. ತಪ್ಪಿತಸ್ಥ ಹಣಮಪ್ಪ ಆಗಬೇಕು.

ಹಣಮಪ್ಪ ಕೊರಳ ಕಾರ್ಡು ಬಿಚ್ಚಿ ಮುಂದೆ ಹಿಡಿದ. “ಕಾರ್ಡಿಗೆ ಗೊತ್ತಿದ್ರ ಕಾರ್ಡನ್ನ ಇಳಸ್ರಿ. ನನಗ ಗೊತ್ತಿಲ್ಲ. ನನಗ ಯಾರೂ ಕಲಿಸಿಲ್ಲ.”

ಸಂಗಮೇಶ ಹಣಮೇಶನ ಕಡೆ ತಿರುಗಿದ. “ನಿನಗೂ ಕಾರ್ಡ್ ಐತಲ್ಲ. ಮೀಟರ್ ಹಿಡಿ.”

ಹಣಮೇಶ ನೆಲ ನೋಡಿದ. ಮನೆಯಲ್ಲಿ ಬಾಣಂತಿ ಹೆಂಡತಿ ಇದ್ದಳು. “ನನಗೂ ಗೊತ್ತಿಲ್ರಿ,” ಅಂದ.

ಮಿಲಿಂದ ಸಾಹೇಬರು ಕರ್ಚೀಫು ಮೂಗಿಗೆ ಹಿಡಿದು ಹತ್ತಿರ ಬಂದರು. “ಹಣಮಪ್ಪ, ಏನ್ ಬೇಕು ನಿಮಗ? ಶಾಂತ ಆಗಿ ಹೇಳ್ರಿ.”

“ಖರೇ ಮಾಸ್ತರನ್ನ ಕರಸ್ರಿ. ಖರೇ ಮೀಟರ್ ಕೊಡ್ರಿ. ಕಲಸ್ರಿ ಸಾಹೇಬ್ರ. ಕಲತ ಮ್ಯಾಲೆ ನಾವ ಹೇಳ್ತೇವಿ ಇಳೀಬೇಕೋ ಬ್ಯಾಡೋ ಅಂತ.”

ಸಾಹೇಬರು ಸಂಗಮೇಶನ ಮುಖ ನೋಡಿದರು. ಸಂಗಮೇಶ ಆಗಲೇ ಫೋನ್ ಕಿವಿಗಿಟ್ಟುಕೊಂಡಿದ್ದ. “ಆಳು ಬೇಕಾಗ್ಯಾವ. ಹ್ಞಾಂ, ಈಗ. ಕಾರ್ಡ್ ನಾ ಮಾಡಸ್ತೇನಿ.” ಆಮೇಲೆ ಇವರತ್ತ ಕೈ ಬೀಸಿದ. “ಗೇಟ್ ಪಾಸ್ ಇಟ್ಟು ಹೋಗ್ರಿ. ನಾಳಿಂದ ಯಾರೂ ಬರಬ್ಯಾಡ್ರಿ.”

ಹೋಗಬಹುದಿತ್ತು. ಬಸ್ಸಿನ ಹೊತ್ತೂ ಆಗಿತ್ತು. ಹಣಮಪ್ಪ ಗೇಟಿನ ಕಡೆ ನೋಡಿದ, ಟಾಕಿಯ ಕಪ್ಪು ಬಾಯಿಯ ಕಡೆ ನೋಡಿದ. ತಾವು ಹೋದ ಮೇಲೆ ಅದರೊಳಗೆ ಯಾವ ಊರಿನ ಯಾರ ಮಗ ಇಳಿಯುತ್ತಾನೋ. ಅವನಿಗೆ ಯಾರೋ ಕೈ ಎತ್ತುತ್ತಾರೆ.

ಅವನು ಮೂಗಿಗೆ ಟವೆಲ್ಲು ಕಟ್ಟಿಕೊಂಡು, ಉಸಿರು ಬಿಗಿಹಿಡಿದು ಹೋಗಿ ಮುಚ್ಚಳ ಎಳೆದ. ಹಣಮೇಶ ಓಡಿಹೋಗಿ ಬೋಲ್ಟು ಬಿಗಿದ. ಇಬ್ಬರೂ ಅದರ ಮೇಲೆಯೇ ಕೂತರು. ಜಾಫರಸಾಬ ಗೋಡೆ ಹಿಡಿದುಕೊಂಡು ಬಂದು ನಡುವೆ ಕೂತ. ಉಳಿದ ಆಳುಗಳು ಒಬ್ಬೊಬ್ಬರಾಗಿ ಸುತ್ತ ನಿಂತರು. ಗುರುಲಿಂಗವ್ವ ಖಾಲಿ ಕೆಟಲಿ ಹಿಡಿದುಕೊಂಡು ಅಲ್ಲಿಯೇ ಉಳಿದಳು. ಕಬ್ಬಿಣ ಬಿಸಿಲಿಗೆ ಕಾದಿತ್ತು.

ಟೆಂಪೋ ಬಂತು. ಗುರುತಿಲ್ಲದ ಮುಖಗಳು ಸಲಿಕೆ ಹಿಡಿದು ಇಳಿದವು. ಮುಂದಿದ್ದವನು, ಮೀಸೆ ಈಗಷ್ಟೇ ದಟ್ಟವಾಗುತ್ತಿದ್ದ ಗಂಡಸು, ಮುಚ್ಚಳದ ಮೇಲೆ ಕೂತವರನ್ನು ನೋಡಿ ಗಾಬರಿಯಾದ.

“ಯಾಕ್ರಿ ಯಜಮಾನ್ರ? ಒಳಗ ಏನೈತಿ?”

ಸಂಗಮೇಶ ಹಿಂದಿನಿಂದ ಕಿರುಚುತ್ತಿದ್ದ. ಗೇಟಿನ ಕಡೆಯಿಂದ ಸೆಕ್ಯುರಿಟಿಯವರು ಬಡಿಗೆ ಹಿಡಿದು ಓಡಿಬರುತ್ತಿದ್ದರು. ಹಣಮಪ್ಪ ಎರಡೂ ಕೈಗಳಿಂದ ಮುಚ್ಚಳದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

“ನಮಗ ಗೊತ್ತಿಲ್ಲ ತಮ್ಮಾ,” ಅಂದ. “ಗೊತ್ತಾಗೂತನಕ ಯಾರೂ ಇಳಿಯಂಗಿಲ್ಲ. ನೀವೂ ಬಂದು ಕುಂದರ್ರಿ.”