ಏಳನೇ ಕೊಕ್ಕೆ

ಸಾಮ್ರಾಜ್ಯಗಳು ಎದ್ದು ಬಿದ್ದದ್ದಕ್ಕೆ ಕಾರಣ ಹುಡುಕುವವರು ಗಡಿ, ಗದ್ದುಗೆ, ಗುಪ್ತ ಓಲೆಗಳ ಕಡೆ ನೋಡುತ್ತಾರೆ. ಆ ಆಸ್ಪತ್ರೆಯ ಮಟ್ಟಿಗೆ ಅವರು ನೋಡಬೇಕಾದದ್ದು ಒಂದು ಹಿತ್ತಾಳೆಯ ಕೊಕ್ಕೆಯನ್ನು. ಎರಡನೇ ಮಹಡಿಯ ನರ್ಸುಗಳ ಕೋಣೆಯಲ್ಲಿ, ಬಾಗಿಲ ಪಕ್ಕದ ಹಲಗೆಯ ಮೇಲೆ ಸಾಲಾಗಿ ಎಂಟು ಕೊಕ್ಕೆಗಳಿದ್ದವು. ನರ್ಸುಗಳು ಆರು ಜನ. ಎಂಟನೆಯದರಲ್ಲಿ ಯಾರೋ ಮರೆತುಹೋದ ಕೊಡೆಯೊಂದು ವರ್ಷಗಟ್ಟಲೆಯಿಂದ ಯಾರ ತಂಟೆತಕರಾರೂ ಇಲ್ಲದೆ ನೇತಾಡಿಕೊಂಡಿತ್ತು. ಏಳನೆಯದು ಖಾಲಿ. ಒಂದು ಸೋಮವಾರ ಬೆಳಿಗ್ಗೆ ಅದಕ್ಕೆ ಲಾಂಡ್ರಿಯಕ್ಕ ತನ್ನ ಬೂದು ಬಣ್ಣದ ಸ್ವೆಟರ್ ತೂಗುಹಾಕಿದಳು.

ಲಾಂಡ್ರಿಯಿದ್ದದ್ದು ನೆಲಮಾಳಿಗೆಯಲ್ಲಿ. ಅಲ್ಲಿ ಗೋಡೆಗಳು ಮನುಷ್ಯರಿಗಿಂತ ಹೆಚ್ಚು ಬೆವರುತ್ತಿದ್ದವು. ಎಲ್ಲಿ ನೇತುಹಾಕಿದರೂ ಸಂಜೆಯ ಹೊತ್ತಿಗೆ ಸ್ವೆಟರ್ ಹಬೆ ಕುಡಿದು ಭಾರವಾಗಿರುತ್ತಿತ್ತು. ಇಡೀ ಆಸ್ಪತ್ರೆಗೆ ಗರಿಗರಿಯಾದ ಹಾಸಿಗೆವಸ್ತ್ರ ಒದಗಿಸುವವಳು ಇಪ್ಪತ್ತೆರಡು ವರ್ಷ ಹಸಿ ಸ್ವೆಟರ್ ತೊಟ್ಟು ಮನೆಗೆ ಹೋಗಿದ್ದಳು. ಅದನ್ನು ನೇತುಹಾಕಲು ಒಣ ಜಾಗ ಬೇಕೆಂದು ಮೂರು ಸಲ ಕೇಳಿದ್ದಳು. ಮೂರು ಸಲವೂ "ನೋಡೋಣ" ಎಂಬ ಉತ್ತರ ಬಂದಿತ್ತು. ಈ ಸಲ ಕೇಳಲಿಲ್ಲ.

"ತಲೆಗಿಲೆ ಕೆಟ್ಟಿದೆಯೇನಕ್ಕ?" ಎಂದ ಜೊತೆಯಲ್ಲಿ ಕೆಲಸ ಮಾಡುವ ಇಸ್ತ್ರಿ ಮಾವ. "ಅದು ಅವರ ಕೋಣೆ."

"ಬಾಗಿಲ ಮೇಲೆ 'ಸಿಬ್ಬಂದಿಗೆ ಮಾತ್ರ' ಅಂತ ಬರೆದಿದೆ. ನಾನೇನು ರೋಗಿಯಾ?"

ಮಧ್ಯಾಹ್ನ ಹೋಗಿ ನೋಡಿದರೆ ಸ್ವೆಟರ್ ಕೋಣೆಯ ಹೊರಗಿನ ಬೆಂಚಿನ ಮೇಲಿತ್ತು. ಮಂಗಳವಾರ ಮತ್ತೆ ಹಾಕಿದಳು. ಮತ್ತೆ ಬೆಂಚಿಗೆ ಬಂತು. ಬುಧವಾರ ಅದನ್ನು ಕೈಗೆತ್ತಿಕೊಂಡವಳು ಅಲ್ಲೇ ನಿಂತುಬಿಟ್ಟಳು.

ಬಟ್ಟೆ ಒಗೆಯುವವರ ಕಣ್ಣಿಗೆ ಮಡಿಕೆಯೆಂದರೆ ಕೈಬರಹವಿದ್ದ ಹಾಗೆ. ಆಸ್ಪತ್ರೆಯದು ನಾಲ್ಕು ಮಡಿಕೆಯ ಪದ್ಧತಿ. ಇಸ್ತ್ರಿ ಮಾವ ಅಂಚು ಹೊರಗೆ ಬರುವಂತೆ ಮಡಿಸುತ್ತಾನೆ. ಈ ಸ್ವೆಟರಿನ ತೋಳುಗಳು ಬೆನ್ನಿಗೆ ಹೋಗಿದ್ದವು, ಮೈ ಮೂರು ಮಡಿಕೆಯಾಗಿತ್ತು, ಕತ್ತಿನ ಪಟ್ಟಿ ಒಳಕ್ಕೆ ಸಿಕ್ಕಿಕೊಂಡಿತ್ತು. ಹೀಗೆ ಮಡಿಸುವುದನ್ನು ಲಾಂಡ್ರಿಯಕ್ಕನಿಗೆ ಅವಳ ಅವ್ವ ಕಲಿಸಿದ್ದಳು, ಅವ್ವನಿಗೆ ಅಜ್ಜಿ ಕಲಿಸಿದ್ದಳು. ಆ ಕಟ್ಟಡದಲ್ಲಿ ಈ ಮಡಿಕೆ ಗೊತ್ತಿದ್ದವರು ಇಬ್ಬರೇ. ಒಬ್ಬಳು ಸ್ವೆಟರ್ ಹಿಡಿದು ನಿಂತಿದ್ದಳು. ಇನ್ನೊಬ್ಬಳು ಮಕ್ಕಳ ವಾರ್ಡಿನಲ್ಲಿ ಜ್ವರ ನೋಡುತ್ತಿದ್ದಳು.

ಮಗಳು ಅಲ್ಲಿ ನರ್ಸಾಗಿ ಸೇರಿ ಮೂರು ತಿಂಗಳಾಗಿತ್ತು. ಸೇರಿದ ದಿನವೇ ಯಾರೋ "ತಾಯಿ ಏನ್ಮಾಡ್ತಾರೆ?" ಎಂದಾಗ "ಮನೇಲಿರ್ತಾರೆ" ಎಂದುಬಿಟ್ಟಿದ್ದಳು. ಒಮ್ಮೆ ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ. ಇಬ್ಬರೂ ಬೇರೆ ಬೇರೆ ಬಸ್ಸು ಹಿಡಿಯುತ್ತಿದ್ದರು. ಕಾರಿಡಾರಿನಲ್ಲಿ ಎದುರಾದರೆ ಮಗಳು ಎಲ್ಲರಂತೆ "ಏನಕ್ಕ" ಎನ್ನುತ್ತಿದ್ದಳು. ಹೆತ್ತ ಮಗಳಿಗೇ ಅಕ್ಕನಾದ ಮೇಲೆ ಇಪ್ಪತ್ತು ವರ್ಷ ಚಿಕ್ಕವಳಾದೆ ಎಂದು ತಾಯಿ ನಕ್ಕಿದ್ದಳು. ಆ ನಗು ಒಂದು ವಾರ ಬಾಳಿಕೆ ಬಂತು.

ಬುಧವಾರ ಸಂಜೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ತಾಯಿ ಮಾತು ತೆಗೆದಳು. "ಯಾರೋ ನನ್ನ ಸ್ವೆಟರ್ ಇಳಿಸ್ತಿದ್ದಾರೆ."

"ಯಾರಿರಬಹುದು?" ಎಂದಳು ಮಗಳು, ಕಿಟಕಿಯನ್ನು ನೋಡುತ್ತ.

"ಯಾರೋ ಮರ್ಯಾದಸ್ಥರು. ನೆಲಕ್ಕೆ ಬಿಸಾಕಲ್ಲ. ಕತ್ತಿನ ಪಟ್ಟಿ ಒಳಕ್ಕೆ ಸಿಕ್ಕಿಸಿ ಮಡಿಸಿಡ್ತಾರೆ."

ಮಗಳು ಕಿಟಕಿ ಬಿಟ್ಟು ಇತ್ತ ತಿರುಗಿದಳು.

"ಗೊತ್ತಾದ್ಮೇಲೆ ಯಾಕಮ್ಮ ಸುತ್ತಿಬಳಸಿ ಮಾತಾಡ್ತೀಯ? ಬೈಯೋದಾದ್ರೆ ಬೈದುಬಿಡು."

"ನಿನ್ನ ಬೈಯೋಕೆ ನಾನು ಯಾರವ್ವ? ನಾನು ನಿನಗೆ ಬರೀ ಅಕ್ಕ."

"ಅವರು ಏನೇನು ಅಂತಾರೆ ಅಂತ ನಿನಗೆ ಗೊತ್ತಿಲ್ಲ. 'ಆ ಜನ ಎಷ್ಟು ತೊಳೆದುಕೊಂಡ್ರೂ ವಾಸನೆ ಹೋಗಲ್ಲ' ಅಂದ್ರು ಹೆಡ್ ಸಿಸ್ಟರ್. ನನ್ನೆದುರಿಗೇ. ನಾನು ಅವರ ಪೈಕಿ ಅಂದ್ಕೊಂಡು. ನಿನ್ನ ಸ್ವೆಟರ್ ಕಂಡ್ರೆ ಇನ್ನೂ ಅಂತಾರೆ. ಅದನ್ನ ಕೇಳೋದು ಬೇಡ ಅಂತ ಇಳಿಸಿದೆ."

"ಯಾರು ಕೇಳೋದು ಬೇಡ? ನಾನಾ, ನೀನಾ?"

ಮಗಳು ಒರೆಸಿಟ್ಟ ಪಾತ್ರೆಗಳನ್ನು ಎತ್ತಿ ಜೋಡಿಸತೊಡಗಿದಳು.

"ನಾಳೇನೂ ಹಾಕ್ತೀನಿ," ಎಂದಳು ತಾಯಿ. "ನೀನು ಇಳಿಸು. ಯಾರ ಕೈ ಮೊದಲು ಸೋಲುತ್ತೋ ನೋಡೇಬಿಡೋಣ. ನನ್ನದು ಇಪ್ಪತ್ತೆರಡು ವರ್ಷ ಒದ್ದೆ ಕಂಬಳಿ ಹಿಂಡಿದ ಕೈ."

ಗುರುವಾರ ಆಸ್ಪತ್ರೆಯಲ್ಲಿ 'ಮನಬಿಚ್ಚಿ ಮಾತಾಡೋಣ' ಎಂಬ ಕಾರ್ಯಕ್ರಮವಿತ್ತು. ಮೇಲಿನಿಂದ ಆದೇಶ ಬಂದಿದ್ದರಿಂದ ಎಲ್ಲರೂ ಹನ್ನೆರಡು ಗಂಟೆಗೆ ಸರಿಯಾಗಿ ಮನಸ್ಸು ಬಿಚ್ಚತಕ್ಕದ್ದೆಂದು ನೋಟಿಸು ಹಚ್ಚಿದ್ದರು. ಯಾರೂ ಮೇಲಲ್ಲ ಯಾರೂ ಕೀಳಲ್ಲ ಎಂದು ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಹೆಡ್ ಸಿಸ್ಟರ್ ತಮ್ಮ ಕುರ್ಚಿಗೆ ದಿಂಬು ತಂದುಕೊಂಡಿದ್ದರು. ನಡೆಸಿಕೊಡಲು ಹೊರಗಿನಿಂದ ಬಂದಿದ್ದ ಸಂವಾದದ ಮೇಡಂ, ಜೀವನದಲ್ಲಿ ತಮಗಾದ ಅನ್ಯಾಯವನ್ನು ಒಬ್ಬೊಬ್ಬರೂ ಹಂಚಿಕೊಳ್ಳಬೇಕೆಂದರು. ಹಿರಿಯ ಡಾಕ್ಟರು ಬಾಲ್ಯದಲ್ಲಿ ದಪ್ಪ ಕನ್ನಡಕದಿಂದಾಗಿ ತಾವು ಪಟ್ಟ ಪಾಡನ್ನು ಹನ್ನೊಂದು ನಿಮಿಷ ಹೇಳಿದರು.

"ಈಗ ನಮ್ಮ ಲಾಂಡ್ರಿಯ ಸೋದರಿ," ಎಂದರು ಮೇಡಂ, ದನಿಯನ್ನು ಮೆತ್ತಗೆ ಮಾಡಿ. "ಸಂಕೋಚ ಬೇಡ. ನಿಮ್ಮ ನೋವು ಹೇಳ್ಕೊಳ್ಳಿ."

"ನೋವೇನಿಲ್ಲ ಮೇಡಂ. ನನಗೊಂದು ಕೊಕ್ಕೆ ಬೇಕು."

"ಕೊಕ್ಕೆ..." ಮೇಡಂ ಕಣ್ಣು ಅರಳಿತು. "ಅಂದ್ರೆ ಒಂದು ಸಂಕೇತ, ಅಲ್ವಾ?"

"ಅಲ್ಲ, ಹಿತ್ತಾಳೇದು. ಎರಡನೇ ಮಹಡೀಲಿದೆ."

ವಿಷಯವೇನೆಂದು ಅವಳು ನಾಲ್ಕು ಮಾತಿನಲ್ಲಿ ಹೇಳಿದಳು. ಹೆಡ್ ಸಿಸ್ಟರ್ ದಿಂಬು ಸರಿಪಡಿಸಿಕೊಂಡರು. "ನೋಡಮ್ಮ, ಇದರಲ್ಲಿ ಮೇಲುಕೀಳಿನ ಪ್ರಶ್ನೆ ಇಲ್ಲ. ಸ್ವಚ್ಛತೆ ಪ್ರಶ್ನೆ. ಲಾಂಡ್ರಿಯಿಂದ ಬಂದದ್ದು ನಮ್ಮ ಕೋಣೇಲಿ ಇರಬಾರದು."

"ನಿಮ್ಮ ಮೈಮೇಲಿರೋ ಕೋಟು ಎಲ್ಲಿಂದ ಬಂತು ಸಿಸ್ಟರ್?"

ಇಸ್ತ್ರಿ ಮಾವನಿಗೆ ಕೆಮ್ಮು ಬಂತು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ತಿಳಿಯಿತು.

"ನನ್ನ ಮೇಲೆ ಗೂಬೆ ಕೂರಿಸಬೇಡ! ನಿನ್ನ ಸ್ವೆಟರ್ ಇಳಿಸಿದ್ದು ನಾನಲ್ಲ. ನಾನು ಅದನ್ನ ಮುಟ್ಟೇ ಇಲ್ಲ."

"ಗೊತ್ತು ಸಿಸ್ಟರ್. ನೀವು ಮುಟ್ಟೋರಲ್ಲ."

"ಹಾಗಾದ್ರೆ ಇಳಿಸಿದ್ದು ಯಾರು?" ಮೇಡಂ ಪೆನ್ನು ಬಿಚ್ಚಿದರು. ಮನಸ್ಸುಗಳಿಗಿಂತ ಮೊದಲು ಅದೇ ಬಿಚ್ಚಿಕೊಂಡಿತು.

ಲಾಂಡ್ರಿಯಕ್ಕ ಎದುರಿಗೆ ಕೂತಿದ್ದ ಮಗಳ ಕಡೆ ನೋಡಲಿಲ್ಲ. ಹೇಳಿದರೆ ಕೊಕ್ಕೆ ಸಿಗಬಹುದು, ಮಗಳು ಸಿಗುವುದಿಲ್ಲ. ತಾನಾಗಿ ಬರದವಳನ್ನು ಎಳೆದು ತರುವುದು ಅವಳಿಗೆ ಬೇಕಿರಲಿಲ್ಲ. "ಅದು ನನಗೂ ಅವರಿಗೂ ಬಿಟ್ಟದ್ದು," ಎಂದಳು. "ಕೊಕ್ಕೆ ವಿಷಯ ಹೇಳಿ."

ಆಗ ಕುರ್ಚಿಯೊಂದು ಕಿರ್ ಎಂದಿತು.

"ನಾನು ಇಳಿಸಿದ್ದು," ಎಂದು ಮಗಳು ಎದ್ದು ನಿಂತಳು. "ಇವತ್ತೂ ಇಳಿಸೋಕೆ ಹೋಗಿದ್ದೆ. ಇಷ್ಟು ದಿನ ಗಮನಿಸಿರಲಿಲ್ಲ, ಇವತ್ತು ತೋಳು ಹಿಡಿದ್ರೆ ಒಣಗಿತ್ತು. ಚಿಕ್ಕವಳಿದ್ದಾಗ ಇವರು ಕೆಲಸದಿಂದ ಬಂದ ತಕ್ಷಣ ಓಡಿಹೋಗಿ ತಬ್ಬಿಕೊಳ್ತಿದ್ದೆ. ಯಾವಾಗಲೂ ಹಸಿಹಸಿ. ಅಮ್ಮನ ಮೈಯೇ ಹಾಗೆ ಅಂದ್ಕೊಂಡಿದ್ದೆ. ಇವತ್ತು ಹಾಗೇ ಬಿಟ್ಟುಬಂದೆ."

"ಅಮ್ಮ?" ಎಂದರು ಹೆಡ್ ಸಿಸ್ಟರ್.

"ಹೂಂ, ಅಮ್ಮ. ಆ ಜನಾನೇ ನಾನೂ. ಹೋದ ತಿಂಗಳು ವಾಸನೆ ಬಗ್ಗೆ ಏನೋ ಅಂದ್ರಲ್ಲ ಸಿಸ್ಟರ್, ಅದನ್ನ ಇನ್ನೊಂದ್ಸಲ ಹೇಳಿ. ಮನಸ್ಸು ಬಿಚ್ಚೋಕೇ ತಾನೆ ಕೂತಿರೋದು? ಬಿಚ್ಚಿ."

ಯಾರೂ ಬಿಚ್ಚಲಿಲ್ಲ. ಹಿರಿಯ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ ಹೆಡ್ ಸಿಸ್ಟರ್, "ಕೊಕ್ಕೆ ಕೊಡೋಕೆ ನನಗೆ ಅಧಿಕಾರ ಇಲ್ಲ. ಮೇಲಿನವರನ್ನ ಕೇಳಬೇಕು," ಎಂದರು.

"ನಿಧಾನವಾಗಿ ಕೇಳಿ," ಎಂದಳು ಲಾಂಡ್ರಿಯಕ್ಕ. "ಅಲ್ಲಿವರೆಗೆ ಅದು ಅಲ್ಲೇ ಇರುತ್ತೆ."

"ನನ್ನದೂ ಒಂದು ಟೋಪಿ ಇದೆ," ಎಂದ ಇಸ್ತ್ರಿ ಮಾವ, ಯಾರನ್ನೂ ಉದ್ದೇಶಿಸದೆ.

ಸಂವಾದ ಫಲಪ್ರದವಾಯಿತೆಂದು ಮೇಡಂ ವರದಿ ಬರೆದರು. ಮುಂದಿನ ವಾರ ಮಗಳಿಗೆ ಮಕ್ಕಳ ವಾರ್ಡು ತಪ್ಪಿ, ಯಾರೂ ಇಷ್ಟಪಡದ ಸುಟ್ಟಗಾಯದ ವಾರ್ಡು ಬಿತ್ತು. ತಾಯಿ ಮಗಳು ಒಂದೇ ಬಸ್ಸಿಗೆ ಬರತೊಡಗಿದರು. ಕೊಡೆ ಬೆಂಚಿಗೆ ಹೋಯಿತು, ಎಂಟನೆಯದಕ್ಕೆ ಟೋಪಿ ಬಂತು. ಮೇಲಿನವರಿಂದ ಉತ್ತರ ಬಂದಿಲ್ಲ. ಸ್ವೆಟರ್ ಏಳನೇ ಕೊಕ್ಕೆಯಲ್ಲಿದೆ.