ಕುಂಕುಮದ ಪಿಕೆಟಿಂಗ್

“ಕುಂಕುಮಕ್ಕ ಒಲ್ಲೆ ಅನ್ನೋ ಹೆಣ್ಮಗಳು ಈ ಪುಣೇದಾಗ ಹುಟ್ಯಾಳೇನ್ರಿ?” ಎಂದಳು ಗೋದಾ. ಪಡಸಾಲೆಯಲ್ಲಿ ಕೂತು ಜಗಳವಾಡುತ್ತಿದ್ದ ಹೆಂಗಸರೆಲ್ಲ ಒಮ್ಮೆಲೇ ಅವಳ ಕಡೆ ತಿರುಗಿದರು.

ಲಕ್ಷ್ಮೀ ರಸ್ತೆಯ ಶೇಟಜಿಯ ಅರಿವೆ ಅಂಗಡಿಯ ಮುಂದೆ ಪುಣೆಯಲ್ಲಿ ನೆಲೆಸಿದ್ದ ಈ ಧಾರವಾಡ, ಬೆಳಗಾವಿ ಕಡೆಯ ಹೆಂಗಸರು ನಿಲ್ಲತೊಡಗಿ ಎಷ್ಟೋ ವಾರಗಳಾಗಿದ್ದವು. ಪರದೇಶಿ ಬಟ್ಟೆ ಕೊಳ್ಳಬೇಡಿ ಎಂದು ಕೂಗಿ ಗಂಟಲು ಹರಿದುಕೊಂಡದ್ದೇ ಬಂತು, ಗಿರಾಕಿಗಳು ನಗುನಗುತ್ತ ಒಳಗೆ ಹೋಗುತ್ತಿದ್ದರು. ದೀಪಾವಳಿ ಹತ್ತಿರ ಬಂದಿತ್ತು. ಹಬ್ಬದ ವ್ಯಾಪಾರ ಮುರಿದರೆ ಮಾತ್ರ ಶೇಟಜಿ ತನ್ನ ಪರದೇಶಿ ಮಾಲನ್ನು ಇನ್ನು ಮಾರುವುದಿಲ್ಲವೆಂದು ಕಟ್ಟಿ ಮೊಹರು ಹಾಕಿಸಿಯಾನು. ಇಲ್ಲದಿದ್ದರೆ ಇಷ್ಟು ದಿನ ಬಿಸಿಲಲ್ಲಿ ನಿಂತದ್ದೆಲ್ಲ ದಂಡ. ಬಾಗಿಲಿಗೆ ಅಡ್ಡ ಮಲಗೋಣ ಎಂದಳು ಅಂಬಾ. ಗಂಡಸರು ಮಲಗಿದ್ದಾಗ ಜನ ಅವರನ್ನು ದಾಟಿಕೊಂಡೇ ಹೋಗಲಿಲ್ಲವೇ ಎಂದಳು ಮುಂದಾಳು ರಾಧಾಬಾಯಿ. ಕೊಂಡವರ ಹೆಸರು ಹಿಡಿದು ಪೇಟೆಯಲ್ಲಿ ಕೂಗೋಣ ಎಂದರೆ, ಮೊದಲು ಕೂಗಬೇಕಾದ ಹೆಸರು ರಾಧಾಬಾಯಿಯ ಬೀಗರದ್ದೇ ಆಗಿತ್ತು.

“ಅರಿಷಿಣ-ಕುಂಕುಮದ ತಟ್ಟೆ ಹಿಡಕೊಂಡು ನಿಲ್ಲೂಣು,” ಗೋದಾ ಉತ್ಸಾಹದಿಂದ ಹೇಳಿದಳು. “ಬಂದಾಕಿಗೆ ಕುಂಕುಮ ಹಚ್ಚಿ ಉಡಿ ತುಂಬೂಣು. ‘ತಂಗೀ, ಇವತ್ತ ಹೊಳ್ಳಿ ಹೋಗವಾ’ ಅನ್ನೂಣು. ಉಡಿ ತುಂಬಿಸಿಕೊಂಡ ಮ್ಯಾಲೆ ಯಾವಾಕಿ ಮಾತು ಮೀರ್ತಾಳ?”

“ಭಾಳ ಶಾಣ್ಯಾಕಿ ಇದ್ದೀ ನೋಡ ನೀ!” ರಾಧಾಬಾಯಿ ಗೋದಾಳ ಬೆನ್ನು ತಟ್ಟಿದಳು.

ರಂಗೂಬಾಯಿ ಮಾತ್ರ ಬಾಗಿಲ ಬಳಿ ಕೂತು ತಕಲಿಯಲ್ಲಿ ನೂಲು ತೆಗೆಯುತ್ತಲೇ ಇದ್ದಳು. ಆಕೆ ಗೋದಾಳ ಗಂಡನ ಅಕ್ಕ. ಆಡುವ ವಯಸ್ಸಿನಲ್ಲೇ ಗಂಡ ಸತ್ತಾಗ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ತವರಿಗೆ ಕಳಿಸಿದ್ದರು, ಈಗ ತಮ್ಮನ ಮನೆಯಲ್ಲಿದ್ದಳು. ಒಲೆಯ ಮುಂದಿದ್ದ ಗೋದಾಳನ್ನು ಎಬ್ಬಿಸಿ ಈ ಚಳವಳಿಗೆ ಕರೆತಂದವಳೂ ಆಕೆಯೇ, ಪೊಲೀಸರು ಎಳೆದಾಡಿದಾಗ ಮೊಣಕೈ ತರಚಿಸಿಕೊಂಡವಳೂ ಆಕೆಯೇ. ಆದರೆ ಕುಂಕುಮದ ತಟ್ಟೆಯ ಹತ್ತಿರ ವಿಧವೆ ಸುಳಿಯುವುದೆಂದರೆ? ಅದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ರಂಗೂಬಾಯಿ, ನಿಮಗೂ ಬಿಸಲಾಗ ತ್ರಾಸ ಆಗತದ. ಇನ್ನ ಮನ್ಯಾಗ ಕೂತು ನೂಲ್ರಿ,” ಎಂದಳು ರಾಧಾಬಾಯಿ. ಅಯ್ಯೋ, ಎಂಥ ಕಾಳಜಿ! ಇಷ್ಟು ದಿನದ ಬಿಸಿಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ರಂಗೂಬಾಯಿ ಗೋದಾಳ ಮುಖ ನೋಡಿದಳು. ಅಕ್ಕ ಇಲ್ಲದೆ ಆಗೋದಿಲ್ಲ ಎಂದು ಗೋದಾ ಅಂದುಬಿಡಬಹುದಿತ್ತು, ಅದಕ್ಕೇನು ಬಂಗಾರ ಖರ್ಚಾಗುತ್ತಿರಲಿಲ್ಲ. ಗೋದಾ ತನ್ನ ಸೆರಗಿನ ಅಂಚನ್ನು ನೆಟ್ಟಗೆ ಮಾಡಿಕೊಳ್ಳುತ್ತ ಕೂತಳು. ಹೊಗಳಿಸಿಕೊಂಡ ಖುಷಿ ಇನ್ನೂ ಮುಖದ ಮೇಲಿತ್ತು, ಅದನ್ನು ಕೆಡಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ಉಪಾಯ ಫಲಿಸಿತು. ಶಾಲು ಹೊದ್ದ ದೊಡ್ಡ ಮನೆತನದ ಸೊಸೆಯಂದಿರು ಕೂಡ ಹಣೆಗೆ ಕುಂಕುಮ ಬಿದ್ದೊಡನೆ ಮೆತ್ತಗಾಗಿ, ಉಡಿಯ ಅಕ್ಕಿ ಚೆಲ್ಲದಂತೆ ಹಿಡಿದುಕೊಂಡು ಹೊರಳಿ ಹೋದರು. ಗಂಡಸರು ಬಂದರೆ “ನಿಮ್ಮ ಮನಿಯಾಕಿಗೆ ಕೊಡ್ರಿ” ಎಂದು ಕುಂಕುಮದ ಪೊಟ್ಟಣ ಕೈಗಿಡುತ್ತಿದ್ದರು. ಅದನ್ನು ಹಿಡಿದುಕೊಂಡು ಪರದೇಶಿ ಧೋತರ ಕೊಳ್ಳುವ ಧೈರ್ಯ ಯಾವನಿಗಿದೆ? ಶೇಟಜಿ ಗಾದಿಯ ಮೇಲೆ ಕೂತು ನೊಣ ಹೊಡೆಯತೊಡಗಿದ.

ಆಮೇಲೆ ಒಂದು ಬೆಳಿಗ್ಗೆ ವಿಧವೆಯ ಕೆಂಪು ಸೀರೆ ಉಟ್ಟ ಮುದುಕಿಯೊಬ್ಬಳು ಅಂಗಡಿಗೆ ಬಂದಳು. ಹೆಂಗಸರು ಗಡಬಡಿಸಿ ತಟ್ಟೆಗಳನ್ನು ಸೆರಗಿನಲ್ಲಿ ಮುಚ್ಚಿ, ಅಪಶಕುನವಾದೀತೆಂದು ಮುಖ ತಿರುಗಿಸಿ ದಾರಿ ಬಿಟ್ಟರು. ಮುದುಕಿ ಒಳಗೆ ಹೋಗಿ ಮನೆಮಂದಿಗೆಲ್ಲ ಆಗುವಷ್ಟು ಪರದೇಶಿ ಮಿಲ್ಲಿನ ನಾಜೂಕು ಬಟ್ಟೆ ಕೊಂಡು ಹೊರಬಂದಳು. ಸುದ್ದಿ ಪೇಟೆಯಲ್ಲೆಲ್ಲ ಹಬ್ಬಿತು. ಮುಂಜಿ ಮದುವೆಗಳಲ್ಲಿ ಹಿತ್ತಲಿನಿಂದ ಈಚೆ ಬರಗೊಡದ ವಿಧವೆ ಅತ್ತೆ, ಚಿಕ್ಕಮ್ಮಂದಿರನ್ನು ಮನೆಯವರೀಗ ಕೈಯಲ್ಲಿ ಚೀಲ ಕೊಟ್ಟು ಮುಂಬಾಗಿಲಿನಿಂದಲೇ ಕಳಿಸತೊಡಗಿದರು. ಶೇಟಜಿ ಅವರಿಗೆ ಗಾದಿಯಿಂದೆದ್ದು ನಮಸ್ಕಾರ ಮಾಡುತ್ತಿದ್ದ.

“ನಿಮ್ಮ ರಂಗೂಬಾಯಿನ್ನ ಕರಕೊಂಬಾ,” ಎಂದಳು ರಾಧಾಬಾಯಿ ಗೋದಾಳಿಗೆ. “ಅವರವರು ಮಾತಾಡಿಕೊಳ್ಳಲಿ. ಆ ಕಡೆ ಮೋರಿ ಹತ್ತರ ನಿಂತ್ರ ನಮ್ಮ ತಟ್ಟಿಗೂ ಏನಾಗೂದಿಲ್ಲ.”

ಮನೆಗೆ ಬಂದಾಗ ಗೋದಾಳ ಕಾಲು ಹೊಸ್ತಿಲಲ್ಲೇ ತಡೆಯಿತು. ರಂಗೂಬಾಯಿ ಅಡಿಗೆ ಮುಗಿಸಿ ತಕಲಿ ಹಿಡಿದಿದ್ದಳು.

“ಅಕ್ಕಾ, ನಾಳೆ ನೀವೂ ಬರಬೇಕಂತ ರಾಧಾಬಾಯಿ ಹೇಳ್ಯಾರ್ರಿ.”

“ಯಾಕ, ಬಿಸಲು ಇಳೀತೇನು?”

ಗೋದಾ ಸಂಗತಿ ಹೇಳಿದಳು. ವಿಧವೆ ಎಂಬ ಮಾತನ್ನು ನಾಲಿಗೆಗೆ ತಾರದೆ, ಅವರು, ಅಂಥವರು ಎಂದು ಸುತ್ತಿ ಬಳಸಿ ಹೇಳಿದಳು. ಮೋರಿಯ ಮಾತನ್ನು ಬಿಟ್ಟೇಬಿಟ್ಟಳು.

“ಅವರ ಮುಂದ ಏನಂತ ಕೇಳಿಕೊಂಡ್ರಿ?” ಎಂದಳು ರಂಗೂಬಾಯಿ.

“ಯಾರ ಮುಂದ್ರಿ?”

“ಆ ಹೆಣ್ಮಕ್ಕಳ ಮುಂದ. ಕೊಳ್ಳಬ್ಯಾಡ್ರಿ ಅಂತ ಕೈ ಮುಗದ್ರೇನು? ಕಾಲ ಹಿಡದ್ರೇನು?”

“ಇಲ್ಲರಿ. ಮಾತಾಡ್ಸಿಲ್ಲ.”

“ಯಾರೂ?”

“ಯಾರೂ ಮಾತಾಡ್ಸಿಲ್ಲರಿ.”

ತಿರುಗುತ್ತಿದ್ದ ತಕಲಿ ನಿಂತಿತು. “ಬಾಯಿಲೆ ಹೇಳಿದ್ರ ಅವರಿಗೂ ಕೇಳತದ, ಗೋದಾ,” ಎಂದಳು ರಂಗೂಬಾಯಿ. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. “ಮೊದಲ ನೀವು ಮಾತಾಡ್ಸಿ ನೋಡ್ರಿ. ಆಮ್ಯಾಲೆ ನನ್ನ ಕರೀರಿ.”

ನೆಲ ಬಾಯಿಬಿಟ್ಟರೆ ಇಳಿದುಬಿಡಬೇಕು ಎನ್ನುವಷ್ಟು ನಾಚಿಕೆಯಾಯಿತು ಗೋದಾಳಿಗೆ. ತಪ್ಪಾಯಿತು ಎನ್ನಲು ಬಾಯಿ ತೆರೆದಳು. “ಎಲಿ ಹಾಕಲೇನ್ರಿ?” ಎಂಬ ಮಾತು ಬಂತು.

ಮರುದಿನ ಅಂಗಡಿಯ ಮೆಟ್ಟಿಲ ಮೇಲೆ ಅವಳು ಗಟ್ಟಿ ಮನಸ್ಸು ಮಾಡಿ ನಿಂತಿದ್ದಳು. ಕೈಯಲ್ಲಿ ಚೀಲ ಹಿಡಿದ ವಿಧವೆಯೊಬ್ಬಳು ಬಂದಳು, ರಂಗೂಬಾಯಿಯಷ್ಟೇ ವಯಸ್ಸಿನವಳು. ಉಳಿದವರು ಮುಖ ತಿರುಗಿಸಿದರು. ಗೋದಾ ಮಾತ್ರ ಸರಸರನೆ ಎರಡು ಮೆಟ್ಟಿಲಿಳಿದು ಆಕೆಗೆ ಎದುರಾದಳು. ಅವಸರದಲ್ಲಿ ತಟ್ಟೆ ಕೆಳಗಿಡುವುದೇ ಮರೆತಿತ್ತು.

ಆ ಹೆಂಗಸು ತಟ್ಟೆಯನ್ನು ನೋಡಿದಳು, ಗೋದಾಳ ಹಣೆಯನ್ನು ನೋಡಿದಳು. ಬೆಂಕಿ ಮುಟ್ಟಿದವಳ ಹಾಗೆ ಹಿಂದೆ ಸರಿದು, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಗೋಡೆಗೆ ಒತ್ತಿ ನಿಂತಳು. “ಚುಕಲಂ ಮಾಝಂ, ಬಾಳಾ,” ಎಂದಳು ಮರಾಠಿಯಲ್ಲಿ. ತಪ್ಪು ನನ್ನದು ಮಗಳೇ, ಶುಭಕಾರ್ಯಕ್ಕೆ ಹೊರಟವಳಿಗೆ ಎದುರು ಬಂದೆ, ನೀನು ಮುಂದೆ ಹೋಗು ಎಂದು ಬೇಡಿಕೊಂಡಳು. ಗೋದಾ ಬಾಯಿ ತೆರೆಯುವಷ್ಟರಲ್ಲಿ ಆಕೆ ಬೀದಿಯಂಚು ಹಿಡಿದು ಬಂದ ದಾರಿಯಲ್ಲೇ ಹೊರಟುಹೋಗಿದ್ದಳು. ಚೀಲ ಖಾಲಿ ಇತ್ತು.

“ವಂದೇ ಮಾತರಂ!” ಎಂದು ಹಿಂದಿನಿಂದ ಕೂಗಿದರು. ರಾಧಾಬಾಯಿ ಓಡಿಬಂದು ಗೋದಾಳ ಭುಜ ಹಿಡಿದು ಅಲ್ಲಾಡಿಸಿದಳು.

“ನಾ ಹೇಳಲಿಲ್ಲೇನ, ಶಾಣ್ಯಾಕಿ ನೀ! ಇನ್ನ ಮುಖ ತಿರಗಸೂದು ಬ್ಯಾಡ, ತಟ್ಟಿ ಹಿಡದು ಎದುರಿಗೇ ನಿಲ್ಲೂಣು. ಶೇಟಜಿ ಎರಡ ದಿನದಾಗ ಕೈ ಮುಗೀತಾನ.”

ಗಾದಿಯ ಮೇಲೆ ಶೇಟಜಿ ಆಗಲೇ ಹಣೆ ಒರೆಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಇನ್ನೊಂದು ಕೆಂಪು ಸೀರೆ ಕಾಣಿಸಿತು.

“ಬಂದ್ಲು ನೋಡ. ಹೋಗ, ಹೋಗ,” ಎಂದು ರಾಧಾಬಾಯಿ ಬೆನ್ನಿಗೆ ಕೈ ಹಚ್ಚಿದಳು.

ಗೋದಾಳ ಕಣ್ಣು ತುಂಬಿ ರಸ್ತೆಯೆಲ್ಲ ಮಸುಕಾಯಿತು. ಅವಳು ತಟ್ಟೆಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಮೆಟ್ಟಿಲಿಳಿದಳು.