ಸುಣ್ಣದ ಶಿಲುಬೆ

ಮೊದಲು ಹೋದವರನ್ನು ಅವರ ನಂಬಿಕೆಯಂತೆಯೇ ಮಣ್ಣು ಮಾಡಬೇಕು, ಉಳಿದವರ ನಂಬಿಕೆಯಂತೆ ಅಲ್ಲ ಎಂದು ಕ್ರಿಸಾಂತಾ ಗಂಡನಿಗೆ ಮಾತು ಕೊಟ್ಟು ಮೂವತ್ತು ವರ್ಷದ ಮೇಲಾಗಿತ್ತು. ಆ ಮಾತಿಗಾಗಿಯೇ ಈಗ ಅವಳು ಅಡುಗೆಮನೆಯ ನೆಲದಲ್ಲಿ ಕೂತು, ಮೆಕ್ಕೆಜೋಳ ಬೇಯಿಸಲೆಂದು ಇಟ್ಟಿದ್ದ ಸುಣ್ಣದ ಹೆಂಟೆಗಳನ್ನು ಅರೆಯುವ ಕಲ್ಲಿನ ಮೇಲೆ ಪುಡಿ ಮಾಡುತ್ತಿದ್ದಳು. ನಡುಮನೆಯಲ್ಲಿ ಗಂಡ ಎರ್ಮಿಲೊನ ಶವಪೆಟ್ಟಿಗೆ ಇತ್ತು. ಅವಳ ಪ್ರಾರ್ಥನಾ ಮಂದಿರದ ಜನ ತಮ್ಮ ಬೆಂಚುಗಳನ್ನೇ ಹೊತ್ತು ತಂದು, ಅದರ ಸುತ್ತ ಹಾಕಿಕೊಂಡು, ಗಿಟಾರ್ ಹಿಡಿದು ಹಾಡುತ್ತಿದ್ದರು.

ಮಗಳು ಡೆಲ್ಫಿನಾ ಕಾಫಿ ಪಾತ್ರೆ ತುಂಬಿಸಿಕೊಳ್ಳಲು ಒಳಗೆ ಬಂದಳು.

"ಅಮ್ಮಾ, ಹೋಗಿ ಹೋಗಿ ಇವತ್ತು ಜೋಳ ಬೇಯಿಸ್ತೀಯಾ? ರೊಟ್ಟಿ ನಮ್ಮ ಮಂದಿರದ ಸೋದರಿಯರೇ ತಂದಿದಾರಲ್ಲ."

"ಜೋಳಕ್ಕಲ್ಲ ಕಣೆ."

ಡೆಲ್ಫಿನಾಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಪಾತ್ರೆ ಕೆಳಗಿಟ್ಟು ಬಾಗಿಲು ಮುಂದೆ ಮಾಡಿದಳು.

"ಬೇಡಮ್ಮ. ನಿನ್ನ ಕಾಲಿಗೆ ಬೀಳ್ತೀನಿ. ಅಪ್ಪ ಕೊನೇಲಿ ನಮ್ಮ ನಂಬಿಕೆ ಒಪ್ಕೊಂಡ್ರು, ನಿನ್ನ ಕಣ್ಣೆದುರೇ ಒಪ್ಕೊಂಡ್ರು. ಈಗ ಆ ಶಿಲುಬೆ ಹಾಕಿದ್ರೆ ಅದೆಲ್ಲ ಸುಳ್ಳು ಅಂತ ನೀನೇ ಊರಿಗೆ ಸಾರಿದ ಹಾಗೆ."

"ಮಾತು ಕೊಟ್ಟಿದೀನಲ್ಲೇ."

"ಯಾರಿಗೆ? ಹಳೇ ಅಪ್ಪನಿಗೆ. ಕೊನೇಲಿದ್ದ ಅಪ್ಪನಿಗಲ್ಲ."

ಸಾಂತಾ ಒಲಾಯಾ ಊರಿನಲ್ಲಿ ಕ್ಯಾಥೊಲಿಕರ ಮನೆಯಿಂದ ಪೆಟ್ಟಿಗೆ ಎತ್ತಿದ ಕೂಡಲೇ, ಆ ಜಾಗವನ್ನು ಯಾರೂ ತುಳಿಯುವ ಮೊದಲು, ನೆಲದ ಮೇಲೆ ಸುಣ್ಣದಲ್ಲಿ ಶಿಲುಬೆ ಬರೆಯುತ್ತಾರೆ. ಅದರ ಮುಂದೆ ಒಂಬತ್ತು ದಿನ ಜಪಸರದ ಪ್ರಾರ್ಥನೆ ನಡೆಯುತ್ತದೆ. ಕೊನೆಯ ದಿನ ಸುಣ್ಣವನ್ನು ಹೂವಿನಲ್ಲಿ ಬಳಿದು ಗೋರಿಗೆ ಒಯ್ಯುತ್ತಾರೆ. ಅಲ್ಲಿಯವರೆಗೆ ಸತ್ತವನು ಪೂರ್ತಿ ಹೋದಂತಲ್ಲ. ಜಪಸರ ಹೇಳಿಸುವ ಮುದುಕಿ ತಾನಾಗಿ ಹೊಸ್ತಿಲು ದಾಟುವುದಿಲ್ಲ. ಮನೆಯವರು ಹೆಸರು ಹಿಡಿದು ಕರೆಯಬೇಕು. ಊರಿನಲ್ಲಿ ಆ ಕೆಲಸ ತ್ರಾನ್ಸಿತೊ ಅಜ್ಜಿಯದು. ಅವಳು ಬೆಳಿಗ್ಗೆಯಿಂದ ಎದುರುಮನೆಯ ಜಗಲಿಯಲ್ಲಿ ಕರಿ ಶಾಲು ಹೊದ್ದು ಕೂತೇ ಇದ್ದಳು.

"ಅವಳು ನಮ್ಮ ಮನೆ ನಲ್ಲಿ ಕಟ್ ಮಾಡೋಕೆ ಕೈ ಎತ್ತಿದೋಳು," ಎಂದಳು ಡೆಲ್ಫಿನಾ. "ನಾನು ಕೊಡ ಹಿಡ್ಕೊಂಡು ಬೀದೀಲಿ ನಡೆದ್ರೆ ಇವರ ಮಕ್ಕಳು ಉಗೀತಿದ್ರು. ಇವತ್ತು ಅವಳನ್ನ ಕರೆದು ಮಣೆ ಹಾಕ್ಬೇಕಾ?"

ಕ್ರಿಸಾಂತಾ ಪುಡಿಯನ್ನು ಬಟ್ಟಲಿಗೆ ತುಂಬಿದಳು.

ಹಿತ್ತಲಿನಲ್ಲಿ ಎರ್ಮಿಲೊನ ಒಲೆಯ ಪಕ್ಕ ಗಂಡಸರು ನಿಂತಿದ್ದರು. ನಲವತ್ತು ವರ್ಷ ಊರಿಗೆಲ್ಲ ಬನ್ ಸುಟ್ಟುಕೊಟ್ಟ ಮಣ್ಣಿನ ಒಲೆ ಅದು. ಅದರ ಬಾಯಿಗೆ ಯಾರೋ ತಗಡು ಮುಚ್ಚಿದ್ದರು. ಎರ್ಮಿಲೊನ ತಮ್ಮ ಮೆಲಿತೋನ್ ಕೈಯಲ್ಲಿದ್ದ ಕೆಂಪು ಸೋಡಾ ಲೋಟವನ್ನು ಎತ್ತಿ ಎತ್ತಿ ನೋಡುತ್ತಿದ್ದ.

"ಅಲ್ಲ ಅಳಿಯಂದ್ರೇ," ಎಂದ ಅವನು ಡೆಲ್ಫಿನಾಳ ಗಂಡ ಪಾಸ್ಟರ್ ಅಬ್ನೇರನಿಗೆ, "ನಮ್ಮಣ್ಣ ಬದುಕಿರೋವಾಗ ಒಂದಿನ ಸೋಡಾ ಕುಡಿದೋನಲ್ಲ. ಈಗ ಅವನ ಹೆಸರಲ್ಲಿ ಊರಿಗೆಲ್ಲ ಸೋಡಾ ಕುಡಿಸ್ತಿದೀರಿ. ಒಂದು ಗುಟುಕು ಮೆಸ್ಕಾಲ್ ಸಾರಾಯಿ ಇಲ್ದೆ ಹೆಣ ಎತ್ತೋ ಶಕ್ತಿ ನಮ್ಮ ಹೆಗಲಿಗೆಲ್ಲಿಂದ ಬರ್ಬೇಕು?"

"ಹೆಗಲಿಗೆ ನಮ್ಮ ಹುಡುಗರಿದಾರೆ ಚಿಕ್ಕಮಾವ," ಎಂದ ಅಬ್ನೇರ್ ನಗುತ್ತಲೇ. "ನೀವು ದಣೀಬೇಡಿ."

"ಕೇಳಿದ್ರೇನಪ್ಪಾ? ಸ್ವಂತ ಅಣ್ಣನ್ನ ಹೊರೋದಕ್ಕೂ ನಾನು ದಣೀಬಾರದಂತೆ!"

ಯಾರೋ ನಕ್ಕರು. ಮೆಲಿತೋನ್ ನಗಲಿಲ್ಲ. ಸೋಡಾವನ್ನು ಬೂದಿಗೆ ಸುರಿದು ಅಡುಗೆಮನೆಯ ಕಿಟಕಿಯತ್ತ ನೋಡಿದ. ಅತ್ತಿಗೆಯ ಕೈಯಲ್ಲಿದ್ದ ಬಟ್ಟಲು ಅವನಿಗೆ ಕಂಡಿತು. ಅವನು ಸರಿ ಎಂಬಂತೆ ಮೆಲ್ಲಗೆ ತಲೆಯಾಡಿಸಿದ.

*

ಕ್ರಿಸಾಂತಾ ಹೊಸ ಪಂಥಕ್ಕೆ ಸೇರಿ ಹೊಳೆಯಲ್ಲಿ ಮುಳುಗೆದ್ದು ದೀಕ್ಷಾಸ್ನಾನ ಪಡೆದ ವರ್ಷ ಊರ ಸಂತನ ಹಬ್ಬದ ಯಜಮಾನಿಕೆ ಎರ್ಮಿಲೊನದೇ ಆಗಿತ್ತು. ಊರು ಸಭೆ ಸೇರಿತು. ಹಬ್ಬಕ್ಕೆ ಕೊಡದ, ಸಂತನಿಗೆ ತಲೆ ಬಾಗದ ಮನೆಗಳಿಗೆ ನೀರು ಯಾಕೆ ಕೊಡಬೇಕು ಎಂಬುದು ಪ್ರಶ್ನೆ. ಹೆಂಗಸರು ಹಿಂದುಗಡೆ ನಿಂತಿದ್ದರು. ಎರ್ಮಿಲೊ ಎದ್ದ. ಮೀಸೆಯಲ್ಲಿ ಇನ್ನೂ ಹಿಟ್ಟಿತ್ತು.

"ಸಂತ ನಮ್ಮ ಮಾತು ಕೇಳಿಸ್ಕೋತಾನೆ ಅಂತ ನಾನು ನಂಬ್ತೀನಿ. ಯಾರು ಕೇಳಿದ್ರೂ ಹೇಳ್ತೀನಿ. ಕೇಳದಿದ್ರೂ ಹೇಳ್ತೀನಿ, ಅದು ನನ್ನ ಚಾಳಿ."

ಸಭೆ ನಕ್ಕಿತು.

"ನನ್ನ ಹೆಂಡ್ತಿಗೆ ದಿನಾ ಹೇಳ್ತೀನಿ. ಅವಳೂ ನನಗೆ ದಿನಾ ಹೇಳ್ತಾಳೆ. ಇಬ್ರೂ ಒಪ್ಪಲ್ಲ, ಇಬ್ರೂ ಉಣ್ತೀವಿ. ನಲ್ಲಿ ತಿರುವಿ ಯಾರನ್ನೂ ನಂಬಿಸೋಕಾಗಲ್ಲಪ್ಪ. ನೀರು ನಿಲ್ಲಿಸಿದ್ರೆ ಅವರು ಬಾಯಾರಿಕೇಲಿ ನಮ್ಮ ಸಂತನ್ನ ಬೈತಾರೆ, ಅಷ್ಟೇ ನಮಗೆ ಸಿಗೋ ಲಾಭ."

"ನಿನ್ನ ಹೆಂಡ್ತಿ ಅಂತ ಹೇಳ್ತಿದೀಯ ಕಣೋ!" ಎಂದು ಯಾರೋ ಕೂಗಿದರು.

ಎರ್ಮಿಲೊ ಮೀಸೆಯ ಹಿಟ್ಟು ಒರೆಸಿಕೊಂಡ. "ಹೌದು. ಬೇರೆ ಯಾರದ್ದೋ ಹೆಂಡ್ತಿ ಆಗಿದ್ರೆ ನಾನೂ ನಿಮ್ಮ ಜೊತೆ ಕೈ ಎತ್ತಿರ್ತಿದ್ದೆನೋ ಏನೋ. ಅದಕ್ಕೇ ಹೇಳ್ತಿರೋದು, ನಿಮ್ಮ ನಿಮ್ಮ ಹೆಂಡ್ತಿ ಅಂದ್ಕೊಂಡು ಕೈ ಎತ್ತಿ."

ಕೈಗಳು ಎದ್ದವು. ಹಿಂದುಗಡೆಯ ಹೆಂಗಸರದ್ದೂ ಸೇರಿ ನೀರು ನಿಲ್ಲಿಸಲು ಬೇಕಾದಷ್ಟು ಎದ್ದವು. ಮಾರನೆಯ ದಿನ ನಲ್ಲಿ ಒಣಗಿತು. ಮಳೆಗಾಲದವರೆಗೆ ಎರ್ಮಿಲೊ ಬೆಳಗಿನ ಬನ್ ಹಂಚಿ ಬಂದು, ಹಣೆಗೆ ಹೊರೆ ಹೊರುವ ಪಟ್ಟಿ ಕಟ್ಟಿಕೊಂಡು, ಒರತೆಯಿಂದ ಬೆನ್ನ ಮೇಲೆ ಮನೆಗೆ ನೀರು ಹೊತ್ತ. ಕೈ ಎತ್ತಿದವರ ಮನೆಗೂ ಎಂದಿನಂತೆಯೇ ಬನ್ ಹೋಯಿತು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಒಲೆಯ ಮುಂದೆ ಅವನು ಕೇಳಿದ್ದು: "ನೀನು ಮೊದಲು ಹೋದ್ರೆ ನಾನು ಒಂದು ಮೇಣದ ಬತ್ತಿನೂ ಹಚ್ಚಲ್ಲ. ನಿನ್ನ ಜನ ಬಂದು ಹಾಡ್ಕೊಳ್ಲಿ. ನಾನು ಮೊದಲು ಹೋದ್ರೆ?"

"ಹಿಟ್ಟಿನ ಧೂಳು ಕುಡಿದು ಕುಡಿದು ನೀನೇ ಮೊದಲು ಹೋಗೋದು."

"ಅದಕ್ಕೇ ಕೇಳ್ತಿರೋದು. ಸುಣ್ಣದ ಶಿಲುಬೆ ಹಾಕಿಸ್ತೀಯಾ? ಜಪಸರ ಹೇಳಿಸ್ತೀಯಾ? ನೀನು ಹೇಳ್ಬೇಡ. ಹೇಳೋರನ್ನ ಕರಿ ಸಾಕು."

"ಆಯ್ತು ಮಾರಾಯ," ಎಂದಿದ್ದಳು. "ಆದ್ರೆ ಅಷ್ಟರೊಳಗೆ ನೀನೇ ನಮ್ಮ ಕಡೆ ಬಂದಿರ್ತೀಯ, ನೋಡ್ತಿರು."

"ಬರೋದಾದ್ರೆ ಹೇಳೇ ಬರ್ತೀನಿ," ಎಂದು ಅವನು ಬನ್ ಇಟ್ಟ ಹಲಗೆಯನ್ನು ಒಲೆಯೊಳಗೆ ನೂಕಿದ್ದ.

ಅವನು ಬರಲಿಲ್ಲ. ಅವಳು ಮುಳುಗೆದ್ದ ದಿನ ವರ್ಷ ವರ್ಷ ಬಂದಾಗ ಮಾತ್ರ ಮಂದಿರದ ಹಿಂದಿನ ಬೆಂಚಿನಲ್ಲಿ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಹಾಡದೆ ಕೂತಿರುತ್ತಿದ್ದ. ಅವಳು ಮುಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಅವನಿಗಾಗಿಯೇ ಬೇಡಿಕೊಳ್ಳುತ್ತಿದ್ದಳು. ಒಪ್ಪಿಕೊಂಡವರಿಗೆ ಮಾತ್ರ ಸತ್ತ ಮೇಲೆ ಆಚೆ ಕಡೆ ಜಾಗ ಎಂದು ಅವಳ ಜನ ಹೇಳುತ್ತಿದ್ದರು. ಅವಳೂ ಅದನ್ನೇ ನಂಬಿದ್ದಳು. ಅವನಿಲ್ಲದ ಆ ಕಡೆಯನ್ನು ನೆನೆಯಲು ಅವಳಿಗೆ ಎಂದೂ ಆಗಿರಲಿಲ್ಲ.

*

ಅಬ್ನೇರ್ ಅಡುಗೆಮನೆಗೆ ಬಂದು ಅತ್ತೆಯ ಎದುರು ಕುಕ್ಕರುಗಾಲಿನಲ್ಲಿ ಕೂತ. ಒಳ್ಳೆಯ ಹುಡುಗ. ಮಾವನನ್ನು ಓಹಾಕ ನಗರದ ಆಸ್ಪತ್ರೆಗೆ ಸಾಗಿಸಿದವನೂ ಅವನೇ, ಅಲ್ಲಿ ಮಲಮೂತ್ರ ಬಾಚಿದವನೂ ಅವನೇ.

"ಅತ್ತೆ, ನಾನು ತಡೆಯಲ್ಲ. ಮನೆ ನಿಮ್ದು, ಮಾತು ನಿಮ್ದು. ನಾನು ನಂಬಿದ್ದನ್ನ ಹೇಳ್ತೀನಿ, ಅಷ್ಟೆ. ಮಾವ ನನ್ನ ಕೈ ಒತ್ತಿ ಒಪ್ಕೊಂಡಿದ್ದು ನಿಜ ಅಂತ ನನ್ನ ಜೀವ ಹೇಳುತ್ತೆ. ನಿಮ್ಮ ಜೀವ ಏನು ಹೇಳುತ್ತೆ?"

ಅವಳು ಸುಣ್ಣವನ್ನೇ ನೋಡುತ್ತಿದ್ದಳು.

"ಶಿಲುಬೆ ಹಾಕಿದ್ರೆ ನಮ್ಮವರೆಲ್ಲ ಎದ್ದು ಹೊರಗೆ ಹೋಗ್ಬೇಕಾಗುತ್ತೆ," ಎಂದ ಅವನು ಇನ್ನೂ ಮೆತ್ತಗೆ. "ಸಿಟ್ಟಿಂದ ಅಲ್ಲತ್ತೆ. ಡೆಲ್ಫಿನಾ ಕೂಡ ಹೋಗ್ಬೇಕಾಗುತ್ತೆ."

*

ಎರ್ಮಿಲೊಗೆ ಲಕ್ವ ಹೊಡೆದು ಮಾತು ಹೋಗಿತ್ತು. ಎಡಗೈಯಲ್ಲಿ ಮಾತ್ರ ಒಂದಿಷ್ಟು ಜೀವ ಉಳಿದಿತ್ತು. ಅಬ್ನೇರ್ ಮಂಚದ ಪಕ್ಕ ಮಂಡಿಯೂರಿ, ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು, "ಮಾವ, ಯೇಸುವನ್ನ ನಿಮ್ಮ ಒಡೆಯ ಅಂತ ಒಪ್ಕೊಂಡಿದ್ರೆ ನನ್ನ ಕೈ ಒತ್ತಿ" ಎಂದ. ಕೈ ಒತ್ತಿತು. ಡೆಲ್ಫಿನಾ ಕಿರುಚಿ ತಾಯಿಯನ್ನು ತಬ್ಬಿಕೊಂಡಳು. ಕ್ರಿಸಾಂತಾ ಆಸ್ಪತ್ರೆಯ ಮೊಸಾಯಿಕ್ ನೆಲದ ಮೇಲೆ ಕೂತು ಬಾಯಿಗೆ ಶಾಲಿನ ತುದಿ ತುರುಕಿಕೊಂಡು ಅತ್ತಳು. ಆ ಮಧ್ಯಾಹ್ನ ಅವಳಿಗೆ ನಿದ್ದೆ ಬಂತು.

ಮಾರನೆಯ ದಿನ ತ್ರಾನ್ಸಿತೊ ಅಜ್ಜಿ ಬಸ್ಸು ಹಿಡಿದು ಬಂದಳು. ಅವನ ಕಿವಿಯ ಹತ್ತಿರ ಬಾಗಿ "ನಮೋ ಮರಿಯಾ" ಎಂದಳು. ಕೈ ಒತ್ತಿತು. ಮೆಲಿತೋನ್ ಬಂದು "ಅಣ್ಣಾ, ಒಲೆ ಆರಿಸ್ಬಿಡ್ಲಾ?" ಎಂದ. ಕೈ ಒತ್ತಿತು.

ಎಲ್ಲರೂ ಹೋದ ಮೇಲೆ ಕ್ರಿಸಾಂತಾ ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ನೀರು ಬೇಕಾ?"

ಒತ್ತಿತು.

"ಬೇಡ್ವಾ?"

ಒತ್ತಿತು.

ಅವಳು ಮುಂದೆ ಕೇಳಲಿಲ್ಲ. ನೀನು ನಮ್ಮ ಕಡೆ ಬಂದೆಯಾ ಎಂಬ ಒಂದೇ ಪ್ರಶ್ನೆ ಉಳಿದಿತ್ತು, ಅದನ್ನು ಕೇಳದೆ ಆ ಕೈಯನ್ನು ಹೊದಿಕೆಯೊಳಗೆ ಸರಿಸಿದಳು. ಇದನ್ನು ಅವಳು ಯಾರಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ.

*

ಬಿಸಿಲು ನೆತ್ತಿಗೆ ಬಂದಾಗ ಪೆಟ್ಟಿಗೆ ಎತ್ತಿದರು. ಮಂದಿರದ ಹುಡುಗರು ಮೂರು ಕಡೆ, ಜಗಳಾಡಿ ಜಾಗ ಗಿಟ್ಟಿಸಿಕೊಂಡ ಮೆಲಿತೋನ್ ಒಂದು ಕಡೆ. ಪೆಟ್ಟಿಗೆಯ ಕೆಳಗಿದ್ದ ನೆಲ ಬೆಳಕಿಗೆ ಬಂತು. ಕೆಮ್ಮಣ್ಣು ಬಳಿದ ನೆಲ, ಉದ್ದಕ್ಕೆ ಒಬ್ಬ ಮನುಷ್ಯ ಮಲಗುವಷ್ಟು.

"ಅತ್ತಿಗೇ!" ಎಂದ ಮೆಲಿತೋನ್, ಹೆಗಲ ಭಾರದಲ್ಲಿ ಕುತ್ತಿಗೆ ಸೊಟ್ಟಗಾಗಿ. "ಬೇಗ ಅತ್ತಿಗೇ, ಜನ ತುಳೀತಾರೆ!"

ಬಟ್ಟಲು ಕ್ರಿಸಾಂತಾಳ ಕೈಯಲ್ಲಿತ್ತು. ನಾಲ್ಕು ಹೆಜ್ಜೆ ನಡೆದರೆ ಸಾಕಿತ್ತು. ಬಾಗಿಲಾಚೆ, ಎದುರು ಜಗಲಿಯಲ್ಲಿ ತ್ರಾನ್ಸಿತೊ ಎದ್ದು ನಿಂತಿದ್ದು ಕಾಣುತ್ತಿತ್ತು. ಹೆಸರು ಹಿಡಿದು ಒಂದು ಸಲ ಕೂಗಿದ್ದರೂ ಸಾಕಿತ್ತು.

ಡೆಲ್ಫಿನಾ ತಾಯಿಯನ್ನು ತಡೆಯಲಿಲ್ಲ. ಸುಮ್ಮನೆ ಅವಳ ಮುಖ ನೋಡುತ್ತ ನಿಂತಳು. ಆ ನೋಟದಲ್ಲಿ ಬಯ್ಗುಳವಿರಲಿಲ್ಲ, ಬೇಡಿಕೆಯಿತ್ತು. ಚಿಕ್ಕಂದಿನಲ್ಲಿ ಕೊಡ ಹಿಡಿದು ಬೀದಿಯಿಂದ ಅಳುತ್ತ ಬರುತ್ತಿದ್ದಾಗಿನ ಮುಖವೇ ಅದು.

ಅಷ್ಟರಲ್ಲಿ ಹಿಂದಿನ ಬೆಂಚಿನವರು ಹಾಡು ಎತ್ತಿಕೊಂಡು ಪೆಟ್ಟಿಗೆಯ ಹಿಂದೆ ನುಗ್ಗಿದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಒಬ್ಬ ಸೋದರಿ ಕ್ರಿಸಾಂತಾಳ ಭುಜ ಬಳಸಿ "ಬನ್ನಿ ಅಕ್ಕ, ಬನ್ನಿ" ಎಂದು ಕರೆದುಕೊಂಡು ಹೊರಟಳು. ಬಟ್ಟಲನ್ನು ಇನ್ಯಾರೋ ಕೈಯಿಂದ ಬಿಡಿಸಿ ಪಕ್ಕಕ್ಕಿಟ್ಟರು. ಆ ನೆಲದ ಮೇಲೆ ಚಪ್ಪಲಿಗಳು, ಬೂಟುಗಳು, ಕೈಮಗುವನ್ನು ಎತ್ತಿಕೊಂಡವಳ ಬರಿಗಾಲು, ಎಲ್ಲವೂ ಹಾದುಹೋದವು.

ಸ್ಮಶಾನದಲ್ಲಿ ಅಬ್ನೇರ್ ಚೆನ್ನಾಗಿ ಮಾತಾಡಿದ. ಮಾವನ ಬನ್ ಬಗ್ಗೆ ಹೇಳಿದ, ಜನ ಅತ್ತರು. "ಕೊನೆಯ ಗಳಿಗೆಯಲ್ಲಿ ಈ ಸೋದರ ತನ್ನ ಒಡೆಯನನ್ನು ಗುರುತಿಸಿದ" ಎಂದಾಗ ಮಂದಿರದವರೆಲ್ಲ ಆಮೆನ್ ಎಂದರು. ಊರಿನವರು ಬೇಲಿಯ ಹತ್ತಿರ ಟೋಪಿ ತೆಗೆದು ಸುಮ್ಮನೆ ನಿಂತಿದ್ದರು. ಮೆಲಿತೋನ್ ಮಣ್ಣು ಹಾಕಿದವನೇ ಯಾರ ಕಡೆಗೂ ತಿರುಗದೆ ಹೊರಟುಹೋದ.

ಸಂಜೆ ಬೆಂಚುಗಳು ವಾಪಸು ಹೋದವು. ಡೆಲ್ಫಿನಾ ಒಳಗೆ ತಾಯಿಯ ಹಾಸಿಗೆಯ ಮೇಲೆ ಹಾಗೇ ನಿದ್ದೆ ಹೋಗಿದ್ದಳು. ಕ್ರಿಸಾಂತಾ ಬಾಗಿಲಿಗೆ ಬಂದಾಗ ತ್ರಾನ್ಸಿತೊ ಹೊಸ್ತಿಲಾಚೆ ನಿಂತಿದ್ದಳು.

"ಕರಿ ಕ್ರಿಸಾಂತಾ. ಕರೆದ್ರೆ ಬರ್ತೀನಿ."

"ಜಾಗ ತುಳಿದುಬಿಟ್ರು ಅಜ್ಜಿ."

"ತುಳಿದ್ರೆ ತುಳಿದ್ರು. ಗುಡಿಸಿ ಹಾಕಿದ್ರಾಯ್ತು. ಎರ್ಮಿಲೊ ಅಂಥದ್ದಕ್ಕೆಲ್ಲ ಮುನಿಸ್ಕೊಳ್ಳೋನಲ್ಲ."

ಕ್ರಿಸಾಂತಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅಬ್ನೇರನ ಕೈ ಒತ್ತಿದ್ರು."

"ನನ್ನ ಕೈನೂ ಒತ್ತಿದ ಕಣೆ."

"ಗೊತ್ತು."

"ಮತ್ತೆ?"

"ನಿಮ್ಮನ್ನ ಕರೆದ್ರೆ ಅವರು ಒಪ್ಪಿರಲಿಲ್ಲ ಅಂತ ನಾನೇ ಹೇಳಿದ ಹಾಗಾಯ್ತು. ಆಮೇಲೆ ನಾನು ಅವರನ್ನ ನೋಡೋದು ಎಲ್ಲಿ ಅಜ್ಜಿ? ಹೇಳಿ, ಎಲ್ಲಿ?"

ಮುದುಕಿಗೆ ಹೇಳಲು ಬೇಕಾದಷ್ಟಿತ್ತು. ಅವಳ ಲೆಕ್ಕದಲ್ಲಿ ಆ ಕಡೆ ಜಾಗಕ್ಕೆ ಕೊರತೆಯಿರಲಿಲ್ಲ, ಕಾಯುವುದಷ್ಟೇ ಇತ್ತು. ಬಾಯಿ ತೆರೆದಳು. ಕ್ರಿಸಾಂತಾಳ ಮುಖ ನೋಡಿ ಮುಚ್ಚಿಕೊಂಡಳು. ಶಾಲು ಸರಿಮಾಡಿಕೊಂಡು, ಗೋಡೆ ಹಿಡಿದು ಇಳಿದು ಬೀದಿ ದಾಟಿದಳು.

ಅವಳು ಹೋದ ಮೇಲೆ ಕ್ರಿಸಾಂತಾಳ ಕಣ್ಣು ಕಾಂಪೌಂಡಿನ ಗೋಡೆಯ ಮೇಲೆ ಬಿತ್ತು. ಸ್ಮಶಾನಕ್ಕೆ ಹೋಗುವಾಗ ಊರಿನವರು ಒಬ್ಬೊಬ್ಬರಾಗಿ ಬಂದು, ಒಳಗೆ ಕೊಡಲಾಗದ ಮೇಣದ ಬತ್ತಿಗಳನ್ನು ಅಲ್ಲಿ ಇಟ್ಟುಹೋಗಿದ್ದರು. ದಿನವಿಡೀ ಕಾದ ಗೋಡೆಯ ಬಿಸಿಗೆ ಅವು ಬಾಗಿ ಒಂದರ ಮೇಲೊಂದು ಒರಗಿದ್ದವು. ಅವಳು ಒಂದನ್ನು ಎತ್ತಿ ನೆಟ್ಟಗೆ ಮಾಡಲು ನೋಡಿದಳು. ಅಷ್ಟರಲ್ಲಿ ಮೇಣ ತಣ್ಣಗಾಗಿತ್ತು. ಬತ್ತಿ ನಡುವೆ ಮುರಿದು, ಒಳಗಿನ ದಾರದಲ್ಲಿ ಜೋತುಬಿತ್ತು.

ಒಂಬತ್ತು ದಿನವೂ ಆ ಮನೆಯಲ್ಲಿ ಜಪಸರ ನಡೆಯಲಿಲ್ಲ. ಶಿಲುಬೆ ಹಾಕಲಿಲ್ಲ. ಕ್ರಿಸಾಂತಾ ಎರ್ಮಿಲೊಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ.